ಬಾವಿಗೆ ಇಳಿಸಿದ ಕಣ್ಣು

ನಮ್ಮ ತಂಡದ ಒಬ್ಬನ ಅಜ್ಜನ ಅಡಿಕೆ ತೋಟದಲ್ಲಿ ಒಂದು ಬಾವಿ ಇದೆ. ಪಂಪಿನ ಫುಟ್‌ವಾಲ್ವ್ ಕಟ್ಟಿಕೊಂಡಾಗೆಲ್ಲ ಯಾರಾದರೂ ಉಸಿರು ಬಿಗಿಹಿಡಿದು ಮುಳುಗಿ ನೋಡಬೇಕು. ಹೋದ ಬೇಸಿಗೆಯಲ್ಲಿ ಹಾಗೆ ಮುಳುಗಿದವರೊಬ್ಬರ ಕಾಲು ಹಗ್ಗಕ್ಕೆ ಸಿಕ್ಕಿ, ಮೇಲೆ ಬರೋದು ತಡವಾಗಿ, ನಿಂತು ನೋಡ್ತಿದ್ದವರಿಗೆಲ್ಲ ಜೀವ ಬಾಯಿಗೆ ಬಂದಿತ್ತಂತೆ. ನಾವು ಐದು ಜನ ಸೇರಿ ಆರ್‌ಒವಿ, ಅಂದ್ರೆ ಕೇಬಲ್ ಕಟ್ಟಿ ದಡದಿಂದ ಓಡಿಸೋ ನೀರೊಳಗಿನ ಗಾಡಿ, ಮಾಡೋಕೆ ಹೊರಟಿದ್ದು ಈ ಬಾವಿಗೋಸ್ಕರ. ಮೋಟಾರು, ಫ್ರೇಮು ಹೇಗೋ ಆಯ್ತು. ನಮ್ಮನ್ನ ಅಳಿಸಿದ್ದು ಕ್ಯಾಮೆರಾ ಮತ್ತು ಲೈಟು.

ಮೊದಲು ರಾಸ್ಪ್‌ಬೆರಿ ಪೈ ಕ್ಯಾಮೆರಾವನ್ನ ಅಕ್ರಿಲಿಕ್ ಕೊಳವೆಯೊಳಗಿಟ್ಟು, ಮುಂದೆ ಚಪ್ಪಟೆ ಅಕ್ರಿಲಿಕ್ ಬಿಲ್ಲೆ ಕೂರಿಸಿದ್ವಿ. ಲ್ಯಾಬಿನಲ್ಲಿ ಚೆನ್ನಾಗೇ ಕಾಣ್ತಿತ್ತು. ಈಜುಕೊಳಕ್ಕೆ ಬಿಟ್ಟ ಕೂಡಲೇ ಎಲ್ಲಾ ದೊಡ್ಡದಾಗಿ, ಹತ್ತಿರ ಬಂದ ಹಾಗೆ ಕಾಣೋಕೆ ಶುರು. ಕಾರಣ ವಕ್ರೀಭವನ (ಈ ಪದ ನಮಗೆ ಹೇಳಿಕೊಟ್ಟಿದ್ದು ಕನ್ನಡ ಮೀಡಿಯಮ್ಮಿನಲ್ಲಿ ಓದಿದ ರೂಮ್‌ಮೇಟ್). ನೀರಿನ ಸೂಚ್ಯಂಕ 1.33, ಗಾಳಿಯದು 1. ನಮ್ಮ ಲೆನ್ಸಿನ ನೋಟ ಗಾಳಿಯಲ್ಲಿ 80 ಡಿಗ್ರಿ, ಅಂದ್ರೆ ನಡುವಿನಿಂದ ಒಂದು ಕಡೆಗೆ 40. ಸೈನ್ 40 ಅನ್ನು 1.33ರಿಂದ ಭಾಗಿಸಿದರೆ ಬರೋ ಕೋನ ಸುಮಾರು 29. ಎರಡೂ ಕಡೆ ಸೇರಿ 58 ಡಿಗ್ರಿ ಮಾತ್ರ! ಇಕ್ಕಟ್ಟಾದ ಬಾವಿಯಲ್ಲಿ 22 ಡಿಗ್ರಿ ಕಳೆದುಕೊಳ್ಳೋದು ಸಣ್ಣ ಮಾತಲ್ಲ.

ಅದಕ್ಕೇ ಬಿಲ್ಲೆ ಬಿಟ್ಟು 10 ಸೆಂ.ಮೀ. ವ್ಯಾಸದ ಅರ್ಧಗೋಳ ಹಾಕಿದ್ವಿ. ಲೆನ್ಸನ್ನ ಗೋಳದ ಕೇಂದ್ರದಲ್ಲೇ ಕೂರಿಸಿದರೆ ಎಲ್ಲಾ ಕಿರಣಗಳೂ ನೇರವಾಗಿ ಒಳಗೆ ಬರ್ತವೆ, ಬಾಗೋದಿಲ್ಲ, 80 ಡಿಗ್ರಿ ವಾಪಸ್. ಆದರೆ ಈಗ ಚಿತ್ರ ಪೂರ್ತಿ ಮಸುಕು. ಎರಡು ದಿನ ಸಾಫ್ಟ್‌ವೇರನ್ನ ಬೈದುಕೊಂಡು ಕೂತ್ವಿ, ತಪ್ಪು ಅಲ್ಲಿರಲಿಲ್ಲ. ನೀರಿನಲ್ಲಿ ಈ ಗೋಳವೇ ಒಂದು ಲೆನ್ಸಿನ ಹಾಗೆ ಕೆಲಸ ಮಾಡುತ್ತೆ. ಎಷ್ಟೋ ದೂರದ ವಸ್ತುವಿನ ಬಿಂಬವೂ ಗೋಳದ ಮುಂದೆ ಅದರ ತ್ರಿಜ್ಯದ ಮೂರು ಪಟ್ಟು ದೂರದಲ್ಲಿ, ಅಂದ್ರೆ ನಮ್ಮ ಲೆಕ್ಕದಲ್ಲಿ 15 ಸೆಂ.ಮೀ.ನಲ್ಲಿ ಮೂಡುತ್ತೆ. ನಮ್ಮ ಲೆನ್ಸು ದೂರಕ್ಕೆ ಫೋಕಸ್ ಮಾಡಿ ಅಂಟು ಹಾಕಿದ್ದು. ಬ್ಲೇಡಿನಿಂದ ಅಂಟು ಕೆರೆದು, ಲೆನ್ಸನ್ನ ಕೂದಲೆಳೆಯಷ್ಟು ಹೊರಗೆ ತಿರುಗಿಸಿ, ಗಾಡಿಯನ್ನ ನೀರಲ್ಲಿಟ್ಟು ನೋಡಿ, ಮತ್ತೆ ತೆಗೆದು ತಿರುಗಿಸಿ... ಒಂದು ಇಡೀ ಭಾನುವಾರ ಹೋಯ್ತು.

ಇನ್ನು ಲೈಟು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತಿದವರಿಗೆ ಗೊತ್ತು, ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣಲ್ಲ. ಕದಡಿದ ನೀರೂ ಹಾಗೇ. ಎಲ್‌ಇಡಿಯನ್ನ ಕ್ಯಾಮೆರಾ ಪಕ್ಕದಲ್ಲೇ ಇಟ್ಟಿದ್ದಕ್ಕೆ, ಕಣ್ಣೆದುರಿನ ಧೂಳಿನ ಕಣಗಳೆಲ್ಲ ಹೊಳೆದು ಪರದೆ ತುಂಬಾ ಹಿಮ ಸುರಿದ ಹಾಗೆ ಕಂಡಿತು. ಪವರ್ ಹೆಚ್ಚಿಸಿದಷ್ಟೂ ಹಿಮ ಹೆಚ್ಚಾಯ್ತು. ಕೊನೆಗೆ ಎರಡು ಲೈಟುಗಳನ್ನ ಎರಡು ಕಡೆ ಒಂದೊಂದು ಗೇಣು ದೂರಕ್ಕೆ ಸರಿಸಿ, ಸ್ವಲ್ಪ ಹೊರಮುಖವಾಗಿ ತಿರುಗಿಸಿದ್ವಿ. ಲೈಟಿನ ಅಂಚು ಮಾತ್ರ ವಸ್ತುವಿನ ಮೇಲೆ ಬೀಳಬೇಕು, ಕ್ಯಾಮೆರಾ ಮುಂದಿನ ನೀರು ಕತ್ತಲಾಗಿಯೇ ಇರಬೇಕು. ಒಂದು ಪೈಸೆ ಖರ್ಚಿಲ್ಲದ ಈ ಬದಲಾವಣೆಯೇ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿದ್ದು.

ಬಣ್ಣದ ಕಥೆ ಬೇರೆ. ನೀರು ಮೊದಲು ನುಂಗೋದು ಕೆಂಪನ್ನ. ವಸ್ತು 2 ಮೀಟರ್ ದೂರ ಇದ್ದರೆ ಬೆಳಕು ಹೋಗಿ ಬರೋದು 4 ಮೀಟರ್. ಅಷ್ಟರಲ್ಲಿ ಶುದ್ಧ ನೀರಿನಲ್ಲೇ ಕೆಂಪು ಸುಮಾರು ಕಾಲು ಭಾಗಕ್ಕೆ ಇಳಿಯುತ್ತೆ. ಬಿಳಿ ಹಲಗೆ ತೋರಿಸಿ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿದ್ವಿ, ಹತ್ತಿರದ ವಸ್ತುಗಳಿಗೆ ಅಷ್ಟು ಸಾಕಾಯ್ತು. ಚಿತ್ರದಲ್ಲಿ ಅಡ್ಡಡ್ಡ ಪಟ್ಟಿಗಳು ಓಡ್ತಿದ್ದಿದ್ದು ಲೈಟನ್ನ ಮಂದ ಮಾಡೋ ಪಿಡಬ್ಲ್ಯುಎಂನಿಂದ. ಸೆನ್ಸರ್ ಸಾಲು ಸಾಲಾಗಿ ಓದುವಾಗ ಲೈಟು ಮಿಟುಕಿದರೆ ಹಾಗಾಗುತ್ತೆ. ಅದರ ವೇಗವನ್ನ 200 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ಗೆ ಏರಿಸಿದ ಮೇಲೆ ಮಾಯ.

ಇಷ್ಟೆಲ್ಲ ಸರಿಹೋದ ಮೇಲೆ ಒಂದು ಸಂಜೆ ಕ್ಯಾಮೆರಾ ಸತ್ತುಹೋಯ್ತು. ಒ-ರಿಂಗಿನ ಮೇಲೆ ನಮ್ಮಲ್ಲೇ ಯಾರದೋ ಒಂದು ತಲೆಕೂದಲು ಬಿದ್ದಿತ್ತು, ಅದರ ಪಕ್ಕದಿಂದ ನೀರು ನುಗ್ಗಿತು. ಯಾರದು ಅಂತ ಇವತ್ತಿಗೂ ಜಗಳ. ಐದೂ ಜನರ ತಿಂಗಳ ಕ್ಯಾಂಟೀನ್ ದುಡ್ಡು ಹೊಸ ಕ್ಯಾಮೆರಾಕ್ಕೆ ಹೋಯ್ತು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತೆ. 10 ಮೀಟರಿನಲ್ಲಿ ನಮ್ಮ 10 ಸೆಂ.ಮೀ. ಬಾಯಿಯ ಮೇಲೆ ಬೀಳೋ ಭಾರ ಸುಮಾರು 78 ಕೆ.ಜಿ., ಒಬ್ಬ ದಪ್ಪ ಸೀನಿಯರ್ ಹತ್ತಿ ನಿಂತ ಹಾಗೆ. ಚೆನ್ನೈನ ಎನ್‌ಐಒಟಿಯವರ ಮತ್ಸ್ಯ 6000 ಇಳಿಯಬೇಕಾದ 6000 ಮೀಟರಿನಲ್ಲಿ ಇದರ 600 ಪಟ್ಟು, ನಾವಂತೂ ಆ ಲೆಕ್ಕ ಮಾಡೋಕೆ ಹೋಗಲಿಲ್ಲ.

ಈಗ ನೀರಿಗೆ ಬಿಡೋ ಮುಂಚೆ ತಪ್ಪದೆ ಒಂದು ಪರೀಕ್ಷೆ ಮಾಡ್ತೀವಿ. ಬೈಕ್ ಗ್ಯಾರೇಜಿನವರು ಬ್ರೇಕ್ ಬ್ಲೀಡ್ ಮಾಡೋ ಕೈಪಂಪಿನಿಂದ ಕೊಳವೆಯೊಳಗಿನ ಗಾಳಿಯನ್ನ ಅರ್ಧಕ್ಕೆ ಇಳಿಸ್ತೀವಿ. ಆಗ ಹೊರಗಿನ ಗಾಳಿಯೇ 5 ಮೀಟರ್ ನೀರಿನಷ್ಟು ಒತ್ತುತ್ತೆ. 15 ನಿಮಿಷ ಮುಳ್ಳು ಅಲ್ಲಾಡದಿದ್ದರೆ ಮಾತ್ರ ನೀರಿಗೆ. ಗೋಳದ ಒಳಗೆ ಮಂಜು ಕಟ್ಟದ ಹಾಗೆ ಸಿಲಿಕಾ ಜೆಲ್ ಪೊಟ್ಟಣ ಬೇರೆ. ಅದರ ಕಾಳುಗಳನ್ನ ಮೆಸ್ಸಿನ ಕಾದ ಕಾವಲಿ ಮೇಲೆ ಹುರಿದು ಒಣಗಿಸ್ತೀವಿ, ಭಟ್ಟರಿಗೆ ಹೇಳಬೇಡಿ.

ಹೋದ ತಿಂಗಳು ಬಾವಿಗೆ ಇಳಿಸಿದ್ವಿ. 6 ಮೀಟರ್ ಕೆಳಗೆ ಫುಟ್‌ವಾಲ್ವಿನ ಜಾಲರಿ, ಅದಕ್ಕೆ ಅಂಟಿಕೊಂಡಿದ್ದ ಗೊಬ್ಬರದ ಪ್ಲಾಸ್ಟಿಕ್ ಚೀಲದ ಚೂರು ಲ್ಯಾಪ್‌ಟಾಪಿನಲ್ಲಿ ಸ್ಪಷ್ಟವಾಗಿ ಕಂಡಿತು. ಅಜ್ಜ ಕನ್ನಡಕ ಸರಿಮಾಡಿಕೊಂಡು ನೋಡಿ, "ಸರಿ, ಕಂಡ್ತು. ತೆಗೆಯೋದು ಯಾರು?" ಅಂದರು. ಗಾಡಿಗೆ ಕೈ ಇನ್ನೂ ಇಲ್ಲ. ಗ್ರಿಪ್ಪರ್ ಮಾಡೋ ಆಸೆ ಇರೋ ಮೆಕ್ಯಾನಿಕಲ್‌ನವರು ಯಾರಾದರೂ ಇದ್ದರೆ, ಸಂಜೆ ಐದರ ಮೇಲೆ ವರ್ಕ್‌ಶಾಪಿನಲ್ಲೇ ಇರ್ತೀವಿ, ಬನ್ನಿ.