ಗರ್ಭಿಣಿಯ ಊಟದಲ್ಲಿ ಎಣ್ಣೆ

ಬಸುರಿಗೂ ಬಾಣಂತಿಗೂ ಜಿಡ್ಡಿನ ಪದಾರ್ಥ ಬೇಡವೆಂಬ ಭಾವನೆ ಕೆಲವು ಮನೆಗಳಲ್ಲಿದೆ. ದಂಪತಿಗಳಾದ ನೀವು ಈ ವಿಷಯವನ್ನು ಸರಿಯಾಗಿ ಅರಿತಿರುವುದು ಅವಶ್ಯ.

ನಮ್ಮ ಶರೀರವು ಅಸಂಖ್ಯಾತ ಜೀವಕೋಶಗಳಿಂದ ಕೂಡಿದೆ. ಪ್ರತಿ ಕೋಶದ ಸುತ್ತಲೂ ತೆಳುವಾದ ಪೊರೆಯಿದ್ದು, ಅದರ ರಚನೆಯಲ್ಲಿ ಕೊಬ್ಬಿನ ಆಮ್ಲಗಳು ಪ್ರಧಾನವಾಗಿವೆ. ಒಂದು ಅಂಗವು ಮತ್ತೊಂದಕ್ಕೆ ಕಳುಹಿಸುವ ಸಂದೇಶಗಳನ್ನು ಪೊರೆಯಲ್ಲಿ ಹುದುಗಿರುವ ಸಸಾರಜನಕದ ಕಣಗಳು ಸ್ವೀಕರಿಸುತ್ತವೆ. ಪೊರೆಯು ಮೃದುವಾಗಿದ್ದರೆ ಈ ಕಾರ್ಯವು ಸರಾಗವಾಗಿ ನಡೆಯುತ್ತದೆ. ಹೆರಿಗೆಯ ಸಮಯದಲ್ಲಿ ಗರ್ಭಕೋಶವನ್ನು ಸಂಕುಚಿಸುವ ಪ್ರೋಸ್ಟಾಗ್ಲಾಂಡಿನ್ ಎಂಬ ಸಂದೇಶವಾಹಕವೂ ಪೊರೆಯ ಕೊಬ್ಬಿನ ಆಮ್ಲದಿಂದಲೇ ಉತ್ಪತ್ತಿಯಾಗುತ್ತದೆ.

ಲಿನೋಲಿಕ್ ಮತ್ತು ಲಿನೋಲೆನಿಕ್ ಎಂಬ 2 ಆಮ್ಲಗಳನ್ನು ಶರೀರವು ತಾನೇ ತಯಾರಿಸಲಾರದು. ಅವು ಆಹಾರದಿಂದಲೇ ದೊರೆಯಬೇಕು. ಕೊಬ್ಬಿಲ್ಲದ ಆಹಾರ ತಿಂದ ಇಲಿಗಳ ಬೆಳವಣಿಗೆ ಕುಂಠಿತವಾಗುವುದನ್ನು 1929ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬರ್ ದಂಪತಿಗಳು ತೋರಿಸಿಕೊಟ್ಟರು.

ಗರ್ಭಾವಸ್ಥೆಯ ಕೊನೆಯ 3 ತಿಂಗಳು ಹಾಗೂ ಜನನಾನಂತರದ 2 ವರ್ಷ ಮಗುವಿನ ಮೆದುಳು ಶೀಘ್ರವಾಗಿ ಬೆಳೆಯುತ್ತದೆ. ಅದಕ್ಕೆ ಬೇಕಾದ ಕೊಬ್ಬು ಮೊದಲು ತಾಯಿಯ ರಕ್ತದಿಂದಲೂ ಅನಂತರ ಎದೆಹಾಲಿನಿಂದಲೂ ಲಭಿಸುತ್ತದೆ.

ಕುಸುಬೆ ಎಣ್ಣೆ ಮತ್ತು ಗುರೆಳ್ಳಿನಲ್ಲಿ ಲಿನೋಲಿಕ್ ಆಮ್ಲವೂ, ಅಗಸೆಯ ಚಟ್ನಿಪುಡಿಯಲ್ಲಿ ಲಿನೋಲೆನಿಕ್ ಆಮ್ಲವೂ ಹೇರಳವಾಗಿವೆ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಉತ್ತಮ. ಮೆದುಳಿಗೆ ಬೇಕಾದ ಕೊಬ್ಬು ಅವುಗಳಲ್ಲಿ ಸಿದ್ಧರೂಪದಲ್ಲಿದೆ. ಇವು ಅತಿಯಾಗದೆ, ಮಿತವಾಗಿ ನಿತ್ಯದ ಊಟದಲ್ಲಿರಲಿ.

ಎಲ್ಲರೂ ಉಂಡ ಮೇಲೆ ಉಳಿದುದನ್ನು ಗರ್ಭಿಣಿಯು ಉಣ್ಣುವ ರೂಢಿ ಸಲ್ಲದು. ಆಕೆಯ ತಟ್ಟೆಯಲ್ಲಿ ಏನಿದೆಯೆಂಬುದನ್ನು ಪತಿಯೂ ಗಮನಿಸಬೇಕು. ತಾಯಿಗೆ ಬಡಿಸಿದ ಊಟವೇ ಮಗುವಿಗೆ ಬಡಿಸಿದ ಊಟ.