ಹಿನ್ನೀರು ಇಳಿದ ಮೇಲೆ

ಹೃದಯದ ಶಸ್ತ್ರಚಿಕಿತ್ಸೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಎರಡೇ ಮಾತು. ಒಂದು, ರೋಗಿ ಗುಣವಾಗಿ ಮನೆಗೆ ಬಂದ, ಇನ್ನೊಂದು, ಬರಲಿಲ್ಲ. ಇವೆರಡರ ನಡುವೆ ಮೂರನೆಯದೊಂದು ಸ್ಥಿತಿಯಿದೆ. ಕವಾಟ ಸರಿಹೋಗಿದೆ, ರೋಗಿ ಮನೆಗೂ ಬಂದಾಗಿದೆ, ಆದರೆ ಉಸಿರು ಮಾತ್ರ ಪೂರ್ತಿಯಾಗಿ ಹಿಂದಿರುಗಿಲ್ಲ. ಈ ಮೂರನೆಯ ಸ್ಥಿತಿಯಲ್ಲಿ ೨೦೧೫ರಿಂದ ಬಾಳುತ್ತಿರುವವಳು ನಾನು. ನಾನು ವೈದ್ಯಳಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ನನ್ನ ದೇಹದೊಳಗೆ ನಡೆದದ್ದೇನೆಂಬುದನ್ನು ಬಲ್ಲವರಿಂದ ಕೇಳಿ, ಓದಿ, ಅನುಭವಿಸಿ ತಿಳಿದಷ್ಟನ್ನು ಇಂದು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಕಥೆ ಆರಂಭವಾಗುವುದು ನನ್ನ ಹತ್ತನೆಯ ವಯಸ್ಸಿನಲ್ಲಿ. ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಒಂದು ಮಳೆಗಾಲ ನನಗೆ ಗಂಟಲುನೋವು ಬಂತು. ಎರಡು ಮೂರು ವಾರ ಕಳೆದ ಮೇಲೆ ಜ್ವರ. ಇಂದು ಮೊಣಕಾಲು ಊದಿಕೊಂಡರೆ ನಾಳೆ ಮಣಿಕಟ್ಟು. ಅಮ್ಮ ಎಣ್ಣೆ ಕಾಯಿಸಿ ಹಚ್ಚಿದಳು, ಕಷಾಯ ಕುಡಿಸಿದಳು. ನೋವು ಹೋಯಿತು, ಎಲ್ಲರೂ ಮರೆತರು. ಇದೇ ಸಂಧಿವಾತ ಜ್ವರ. ಗಂಟಲಿಗೆ ತಗಲುವ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನೊಡನೆ ಹೋರಾಡಲು ಹೊರಟ ದೇಹದ ರಕ್ಷಣಾಶಕ್ತಿಯು, ಶತ್ರು ಯಾರು ಮಿತ್ರ ಯಾರು ಎಂದು ತಿಳಿಯದೆ ಹೃದಯದ ಕವಾಟಗಳನ್ನೇ ಗಾಯಗೊಳಿಸುತ್ತದೆ. ಕೀಲುಗಳ ನೋವು ಗುರುತು ಉಳಿಸದೆ ಹೋಗುತ್ತದೆ. ಕವಾಟದ ಗಾಯ ಉಳಿದುಬಿಡುತ್ತದೆ.

ಹೃದಯದ ಎಡಭಾಗದಲ್ಲಿ, ಮೇಲಿನ ಹೃತ್ಕರ್ಣಕ್ಕೂ ಕೆಳಗಿನ ಹೃತ್ಕುಕ್ಷಿಗೂ ನಡುವೆ ಎರಡು ದಳಗಳ ಕವಾಟವೊಂದಿದೆ. ಕ್ರೈಸ್ತ ಬಿಷಪ್ಪರ ಮೈಟರ್ ಎಂಬ ಕಿರೀಟವನ್ನು ಹೋಲುವುದರಿಂದ ಅದಕ್ಕೆ ಮೈಟ್ರಲ್ ಕವಾಟವೆಂದು ಹೆಸರು. ಶ್ವಾಸಕೋಶಗಳಲ್ಲಿ ಶುದ್ಧವಾದ ರಕ್ತವೆಲ್ಲ ಈ ಬಾಗಿಲನ್ನು ದಾಟಿಯೇ ಮೈಗೆ ಹರಿಯಬೇಕು. ನನ್ನ ಕವಾಟದ ದಳಗಳು ವರ್ಷಗಳು ಉರುಳಿದಂತೆ ದಪ್ಪಗಾಗಿ, ಅಂಚಿಗೆ ಅಂಚು ಅಂಟಿಕೊಂಡು, ಬಾಗಿಲು ಸಂದಿಯಷ್ಟೇ ಉಳಿದಿತ್ತು.

ಶರಾವತಿಯ ಸೀಮೆಯವರಿಗೆ ಮುಂದಿನದನ್ನು ವಿವರಿಸುವುದು ಸುಲಭ. ನದಿಗೆ ಅಡ್ಡಗಟ್ಟಿದರೆ ನೀರು ಹಿಂದಕ್ಕೆ ನಿಲ್ಲುತ್ತದೆ. ಬಾಗಿಲು ಕಿರಿದಾದಾಗ ರಕ್ತವೂ ಹಾಗೆಯೇ: ಎಡ ಹೃತ್ಕರ್ಣ ತುಂಬಿ ಉಬ್ಬುತ್ತದೆ, ಅದರ ಹಿಂದಿರುವ ಶ್ವಾಸಕೋಶದ ಅಭಿಧಮನಿಗಳು ತುಂಬುತ್ತವೆ, ಕೊನೆಗೆ ಶ್ವಾಸಕೋಶದೊಳಗಿನ ಕೂದಲೆಳೆಗಿಂತಲೂ ಸೂಕ್ಷ್ಮವಾದ ಲೋಮನಾಳಗಳವರೆಗೆ ಒತ್ತಡ ಏರುತ್ತದೆ. ಆ ಒತ್ತಡವನ್ನು ಎದುರಿಸಿ ರಕ್ತವನ್ನು ನೂಕಬೇಕಾದದ್ದು ಹೃದಯದ ಬಲಭಾಗ. ತೋಳಿನಲ್ಲಿ ಅಳೆಯುವ ರಕ್ತದೊತ್ತಡ ೧೨೦ಕ್ಕೆ ೮೦ ಇದ್ದರೆ ಸರಿಯೆಂದು ಎಲ್ಲರಿಗೂ ಗೊತ್ತು. ಶ್ವಾಸಕೋಶದ ಅಪಧಮನಿಯ ಲೆಕ್ಕ ಬೇರೆ. ಅಲ್ಲಿ ಆರೋಗ್ಯವಂತರ ಸರಾಸರಿ ಒತ್ತಡ ಪಾದರಸದ ಸುಮಾರು ೧೪ ಮಿಲಿಮೀಟರ್ ಮಾತ್ರ. ಅದು ೨೦ನ್ನು ಮೀರಿದರೆ ಪಲ್ಮನರಿ ಹೈಪರ್‌ಟೆನ್ಷನ್, ಅಂದರೆ ಶ್ವಾಸಕೋಶದ ಏರೊತ್ತಡ, ಎಂದು ಈಗಿನ ತಜ್ಞರು ಕರೆಯುತ್ತಾರೆ. ಹಿಂದೆ ಈ ಗಡಿ ೨೫ ಇತ್ತು. ೨೦೧೮ರಲ್ಲಿ ತಜ್ಞರ ಜಾಗತಿಕ ಸಮಾವೇಶವು ಅದನ್ನು ತಗ್ಗಿಸಬೇಕೆಂದು ಸೂಚಿಸಿತು. ತೋಳಿಗೆ ಪಟ್ಟಿ ಕಟ್ಟಿ ಈ ಒತ್ತಡವನ್ನು ಅರಿಯಲಾಗದು. ಎಕೋ ಪರೀಕ್ಷೆಯಿಂದ ಅಂದಾಜು ಮಾಡಬಹುದು. ನಿಖರವಾಗಿ ತಿಳಿಯಬೇಕಾದರೆ ರಕ್ತನಾಳದ ಮೂಲಕ ಸಣ್ಣ ಕೊಳವೆಯೊಂದನ್ನು ಹೃದಯದ ಬಲಭಾಗಕ್ಕೆ ತೂರಿಸಿ ಅಳೆಯಬೇಕು. ೧೯೨೯ರಲ್ಲಿ ಜರ್ಮನಿಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ಇಂಥ ಕೊಳವೆಯನ್ನು ತನ್ನ ತೋಳಿನಿಂದ ತನ್ನದೇ ಹೃದಯಕ್ಕೆ ತೂರಿಸಿಕೊಂಡು ಇದು ಸಾಧ್ಯವೆಂದು ತೋರಿಸಿದ. ಆ ಕಾರ್ಯಕ್ಕೆ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆತದ್ದು ೧೯೫೬ರಲ್ಲಿ.

ಬೆಂಗಳೂರಿನಲ್ಲಿ ನನ್ನ ಎದೆಯನ್ನು ತೆರೆದು, ಹಳೆಯ ಕವಾಟವನ್ನು ತೆಗೆದು, ಲೋಹದ ಹೊಸ ಕವಾಟವನ್ನು ಕೂರಿಸಿದರು. ಅದಕ್ಕಾಗಿ ನಮ್ಮ ಮನೆಯವರು ಅಡಕೆ ತೋಟದ ಮೇಲೆ ಸಾಲ ತೆಗೆದಿದ್ದರು. ರಾತ್ರಿಯ ನಿಶ್ಶಬ್ದದಲ್ಲಿ ನನ್ನ ಎದೆಯೊಳಗಿನ ಟಿಕ್ ಟಿಕ್ ಸದ್ದು ಅವರಿಗೂ ಕೇಳಿಸುತ್ತಿತ್ತು. ‘ಗಡಿಯಾರ ಸರಿಯಾಗಿ ನಡೀತಾ ಇದೆ, ನಿದ್ದೆ ಮಾಡು’ ಎನ್ನುತ್ತಿದ್ದರು. ಮೊದಲ ಆರು ತಿಂಗಳು ನಾನು ನಿಜವಾಗಿಯೂ ಚೇತರಿಸಿಕೊಂಡೆ. ಅನಂತರ ಆ ಚೇತರಿಕೆ ಒಂದು ಹಂತದಲ್ಲಿ ನಿಂತುಬಿಟ್ಟಿತು. ಮಹಡಿಯ ಮೆಟ್ಟಿಲು ಹತ್ತಿದರೆ ಏದುಸಿರು. ಸಂಜೆಯಾದರೆ ಪಾದದಲ್ಲಿ ಬಾವು. ಊರಿಂದ ಬಂದ ಅಕ್ಕ, ‘ಆಪರೇಷನ್ ಆಗಿ ವರ್ಷ ಆಯ್ತಲ್ಲೇ, ಇನ್ನೂ ಏನು ನಿನ್ನ ಉಸ್ಸಪ್ಪ?’ ಎಂದು ನಕ್ಕಳು. ಅವಳದೇನೂ ತಪ್ಪಿಲ್ಲ. ಇಷ್ಟು ಹಣ ಸುರಿದ ಮೇಲೂ ಗುಣವಾಗಲಿಲ್ಲವೆಂದು ಹೇಳಲು ನನಗೇ ನಾಚಿಕೆಯಾಗುತ್ತಿತ್ತು. ಆದುದರಿಂದ ಮುಚ್ಚಿಟ್ಟೆ. ಜನರೆದುರು ಮೆಟ್ಟಿಲ ನಡುವೆ ನಿಂತು ಸೆರಗು ಸರಿಪಡಿಸಿಕೊಳ್ಳುವವಳಂತೆ ನಟಿಸಿ ಉಸಿರು ಕೂಡಿಸಿಕೊಳ್ಳುತ್ತಿದ್ದೆ.

ಒಂದು ಬೆಳಗ್ಗೆ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಹೊರಟವಳಿಗೆ ಕಣ್ಣು ಕತ್ತಲೆಗೂಡಿತು. ಹೇಗೋ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಬಕೆಟ್ಟು ಉರುಳಿ ಕೆಳಗೆ ಹೋಯಿತು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುತ್ತಿದ್ದ ನಾನು ಅದರ ಹಿಂದೆಯೇ ಉರುಳಿ ತಲೆಗೆ ಪೆಟ್ಟು ಬಿದ್ದಿದ್ದರೆ ಏನಾಗುತ್ತಿತ್ತೆಂಬುದನ್ನು ಆಮೇಲೆ ವೈದ್ಯರು ಹೇಳಿದರು. ಅಂದು ನಮ್ಮ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, ‘ಸಾಲ ನಿನ್ನ ಮೇಲಲ್ಲ, ತೋಟದ ಮೇಲೆ ತೆಗೆದದ್ದು’ ಎಂದರು.

ವೈದ್ಯರು ಮೊದಲು ಬೇರೆ ಕಾರಣಗಳನ್ನು ಹುಡುಕಿದರು. ಹೊಸ ಕವಾಟ ಸರಿಯಾಗಿ ತೆರೆಯುತ್ತಿದೆಯೇ, ಬಡಿತದ ಲಯ ತಪ್ಪಿದೆಯೇ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದೆಯೇ, ನಿದ್ದೆಯಲ್ಲಿ ಉಸಿರು ನಿಂತು ಬರುತ್ತಿದೆಯೇ ಎಂದು ಒಂದೊಂದನ್ನೂ ಪರೀಕ್ಷಿಸಿದರು. ಈ ಹುಡುಕಾಟ ಮುಖ್ಯವಾದುದು. ಇವುಗಳಲ್ಲಿ ಹಲವಕ್ಕೆ ನೇರವಾದ ಚಿಕಿತ್ಸೆಯುಂಟು. ನನ್ನಲ್ಲಿ ಅವೊಂದೂ ಕಾಣಲಿಲ್ಲ. ಉಳಿದದ್ದು ಹಳೆಯ ಒತ್ತಡದ ಶೇಷ. ಬಾಗಿಲು ತೆರೆದೊಡನೆ ಹಿನ್ನೀರಿನಂತೆ ನಿಂತಿದ್ದ ಒತ್ತಡ ಬೇಗನೆ ಇಳಿಯುತ್ತದೆ. ಸೆಡೆತುಕೊಂಡಿದ್ದ ಸಣ್ಣ ಅಪಧಮನಿಗಳು ವಾರಗಳಲ್ಲಿ, ತಿಂಗಳುಗಳಲ್ಲಿ ಸಡಿಲಗೊಳ್ಳುತ್ತವೆ. ಆದರೆ ಅನೇಕ ವರ್ಷ ಒತ್ತಡವನ್ನು ತಾಳಿ ತಾಳಿ ಗೋಡೆ ದಪ್ಪಗಾದ ನಾಳಗಳು ಮೊದಲಿನಂತಾಗದೆ ಉಳಿಯಬಹುದು. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಮುಳುಗಡೆಯಾದ ನೆಲ ಹೊರಗೆ ಕಾಣುತ್ತದೆ. ಹಳೆಯ ದಾರಿಯೂ ಮರದ ಮೋಟುಗಳೂ ಕಾಣುತ್ತವೆ. ನೀರು ಇಳಿಯಿತೆಂದು ತೋಟ ಮರಳಿ ಬರುವುದಿಲ್ಲ. ವೈದ್ಯರ ಮಾತು ಕೇಳುತ್ತಿದ್ದಾಗ ನನಗೆ ನೆನಪಾದದ್ದು ಆ ನೆಲ.

‘ಇದಕ್ಕೆ ಹೊಸ ಮಾತ್ರೆಗಳಿವೆಯಂತಲ್ಲ?’ ಎಂದು ಕೇಳಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಪರಿಚಯವಾದ ಒಬ್ಬರು ಸಿಲ್ಡೆನಾಫಿಲ್ ಎಂಬ ಹೆಸರನ್ನು ಬರೆದುಕೊಟ್ಟಿದ್ದರು. ಅದು ಶ್ವಾಸಕೋಶದ ನಾಳಗಳೇ ಮೂಲತಃ ರೋಗಗೊಂಡವರಿಗೆ ಉಪಯುಕ್ತವಾದ ಔಷಧ, ನನ್ನಂತೆ ಎಡ ಹೃದಯದ ದೋಷದಿಂದ ಒತ್ತಡ ಬಂದವರಿಗಲ್ಲ ಎಂದರು ವೈದ್ಯರು. ಸ್ಪೇನಿನಲ್ಲಿ, ಕವಾಟ ಸರಿಪಡಿಸಿದ ಮೇಲೂ ಒತ್ತಡ ಉಳಿದ ೨೦೦ ರೋಗಿಗಳಲ್ಲಿ ಆ ಮಾತ್ರೆಯನ್ನು ಪರೀಕ್ಷಿಸಿದರು. ೨೦೧೮ರಲ್ಲಿ ಅದರ ವರದಿ ಪ್ರಕಟವಾಯಿತು. ಮಾತ್ರೆ ಪಡೆದವರ ಸ್ಥಿತಿ, ಪಡೆಯದವರಿಗಿಂತ ಕೆಟ್ಟಿತ್ತು. ಒಂದೇ ಹೆಸರಿನ ರೋಗಕ್ಕೆ ಒಂದೇ ಮದ್ದು ಎಂದು ಭಾವಿಸಬಾರದೆಂಬ ಪಾಠವನ್ನು ಅಂದು ಕಲಿತೆ.

ಹಾಗಾದರೆ ಉಳಿದದ್ದೇನು? ಉಳಿದದ್ದು ದಿನಚರಿ. ಬೆಳಗ್ಗೆ ಎದ್ದು, ಶೌಚ ಮುಗಿಸಿ, ಕಾಫಿಗೆ ಮೊದಲು ತೂಕ ನೋಡಿಕೊಳ್ಳುತ್ತೇನೆ. ಎರಡು ಮೂರು ದಿನಗಳಲ್ಲಿ ೨ ಕಿಲೋ ಏರಿದರೆ ಅದು ಊಟದ ಪುಷ್ಟಿಯಲ್ಲ, ಮೈಯಲ್ಲಿ ನಿಂತ ನೀರು. ಕೂಡಲೇ ವೈದ್ಯರಿಗೆ ತಿಳಿಸುತ್ತೇನೆ; ಅವರು ನೀರಿನ ಮಾತ್ರೆಯ ಪ್ರಮಾಣವನ್ನು ಬದಲಿಸುತ್ತಾರೆ. ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆ ನಿಜ. ಆದರೆ ಉಪ್ಪು ಹೋದಲ್ಲಿ ನೀರೂ ಹೋಗಿ ನಿಲ್ಲುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ನನ್ನ ಎಲೆಯಿಂದ ಹೊರಟುಹೋದವು. ನಿಂಬೆಯ ಹುಳಿ, ಜೀರಿಗೆ, ಮೆಣಸು ಅವುಗಳ ಜಾಗಕ್ಕೆ ಬಂದವು. ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸಬೇಕು, ಐ.ಎನ್.ಆರ್. ಎಂಬ ಪರೀಕ್ಷೆಯ ಅಂಕಿ ನನಗೆ ೨.೫ರಿಂದ ೩.೫ರ ನಡುವೆ ಇರಬೇಕು. ಸೊಪ್ಪು ತಿನ್ನಲೇಬಾರದೆಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ತಿನ್ನಬಹುದು. ಆದರೆ ಒಂದು ವಾರ ದಿನವೂ ಹರಿವೆ, ನುಗ್ಗೆ, ಮರುವಾರ ಏನೂ ಇಲ್ಲ ಎಂದಾಗಬಾರದು. ಸೊಪ್ಪಿನಲ್ಲಿರುವ ಕೆ ಜೀವಸತ್ವವು ಔಷಧಕ್ಕೆ ಎದುರಾಗಿ ನಿಲ್ಲುವುದರಿಂದ ಪ್ರಮಾಣ ಸಮನಾಗಿರಬೇಕು. ಮೈಕೈ ನೋವಿಗೆ ಅಂಗಡಿಯ ಮಾತ್ರೆಯನ್ನು ಕೇಳದೆ ನುಂಗುವುದಿಲ್ಲ. ಹಲ್ಲು ಕೀಳಿಸುವ ಮುನ್ನ ನನ್ನ ಕವಾಟದ ವಿಷಯ ತಿಳಿಸುತ್ತೇನೆ.

ನಡಿಗೆಯನ್ನು ಬಿಟ್ಟಿಲ್ಲ. ಜೊತೆಗಿದ್ದವರೊಡನೆ ಮಾತಾಡುತ್ತ ನಡೆಯಬಲ್ಲಷ್ಟು ವೇಗವೇ ನನ್ನ ವೇಗ. ಮಾತು ಕತ್ತರಿಸಿದರೆ ನಿಲ್ಲುತ್ತೇನೆ. ಗೆಳತಿಯರು ಕೇದಾರಕ್ಕೆ ಹೊರಟಾಗ ಮಾತ್ರ ನಾನು ಹೋಗಲಿಲ್ಲ. ಆ ಕ್ಷೇತ್ರ ೩,೫೦೦ ಮೀಟರಿಗೂ ಎತ್ತರದಲ್ಲಿದೆ. ಗಾಳಿಯಲ್ಲಿ ಆಮ್ಲಜನಕ ವಿರಳವಾದಲ್ಲಿ ಶ್ವಾಸಕೋಶದ ನಾಳಗಳು ಇನ್ನಷ್ಟು ಸಂಕೋಚಗೊಳ್ಳುತ್ತವೆ. ಆರೋಗ್ಯವಂತರಿಗೆ ಅದು ಸಣ್ಣ ತೊಂದರೆ, ನನ್ನಂಥವರಿಗೆ ಅಪಾಯ. ಅವರು ತಂದುಕೊಟ್ಟ ಪ್ರಸಾದವನ್ನು ಸ್ವೀಕರಿಸಿದೆ. ಅಂದು ದುಃಖವಾಗಲಿಲ್ಲವೆಂದರೆ ಸುಳ್ಳಾದೀತು.

ಶ್ರೋತೃಗಳೇ, ಎರಡು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮ ಮನೆಯಲ್ಲಿ ಕವಾಟದ ಶಸ್ತ್ರಚಿಕಿತ್ಸೆ ಆದವರಿದ್ದರೆ, ‘ಇನ್ನೂ ಗುಣವಾಗಲಿಲ್ಲವೆ?’ ಎಂದು ಕೇಳಬೇಡಿ. ‘ಎಷ್ಟು ಮೆಟ್ಟಿಲಿಗೆ ಉಸಿರು ಬರುತ್ತದೆ?’ ಎಂದು ಕೇಳಿ. ಆ ಪ್ರಶ್ನೆಗೆ ನಾಚಿಕೆಯಿಲ್ಲದೆ ಉತ್ತರಿಸಬಹುದು, ಉತ್ತರ ಬದಲಾದಾಗ ವೈದ್ಯರಿಗೂ ತಿಳಿಸಬಹುದು. ಇನ್ನೊಂದು, ಮಗುವಿಗೆ ಗಂಟಲುನೋವು ಬಂದು ಅದರ ಬೆನ್ನಿಗೆ ಕೀಲುಗಳು ಊದಿಕೊಂಡರೆ, ಎಣ್ಣೆ ಹಚ್ಚಿ ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸಂಧಿವಾತ ಜ್ವರವೆಂದು ಖಚಿತವಾದ ಮಕ್ಕಳಿಗೆ ಮೂರು ವಾರಕ್ಕೊಮ್ಮೆ, ಹಲವು ವರ್ಷ, ಪೆನಿಸಿಲಿನ್ ಚುಚ್ಚುಮದ್ದು ಕೊಡುವುದುಂಟು. ಅದು ಜ್ವರ ಮರುಕಳಿಸದಂತೆ ತಡೆದು ಕವಾಟವನ್ನು ಉಳಿಸುತ್ತದೆ. ಅದರ ಬೆಲೆ ನನ್ನ ಶಸ್ತ್ರಚಿಕಿತ್ಸೆಯ ಬೆಲೆಯ ಮುಂದೆ ಲೆಕ್ಕಕ್ಕೂ ಬಾರದು. ನನ್ನ ಅಮ್ಮನಿಗೆ ಇದನ್ನು ಹೇಳುವವರು ಇರಲಿಲ್ಲ.

ಈಗ ತಾರಸಿಗೆ ಬಟ್ಟೆ ಒಯ್ಯುವವರು ನಮ್ಮ ಮನೆಯವರು. ಮೆಟ್ಟಿಲ ನಡುವೆ ಒಂದು ಮಣೆ ಇಟ್ಟಿದ್ದಾರೆ. ಸಂಜೆ ನಾನೂ ನಿಧಾನವಾಗಿ ಹತ್ತುತ್ತೇನೆ. ಅರ್ಧದಲ್ಲಿ ಮಣೆಯ ಮೇಲೆ ಕುಳಿತು, ಸೆರಗಿನ ನೆಪವಿಲ್ಲದೆ, ಉಸಿರು ಕೂಡಿಸಿಕೊಳ್ಳುತ್ತೇನೆ. ಅನಂತರ ಮೇಲೆ ಹೋಗಿ ಒಣಗಿದ ಬಟ್ಟೆಯನ್ನು ಮಡಿಸುವುದು ನನ್ನ ಪಾಲಿನ ಕೆಲಸ.