ಶರೀರ ಮತ್ತು ಶಾರೀರ

ಹಾಡುವ ಕಂಠಕ್ಕೆ ‘ಶಾರೀರ’ವೆಂದು ಹೆಸರಿಟ್ಟ ನಮ್ಮ ಹಿಂದಿನವರು ಆ ಮಾತಿನಲ್ಲಿ ಎಷ್ಟನ್ನು ಅಡಗಿಸಿಟ್ಟಿದ್ದರೆಂಬುದು ನನಗೆ ತಿಳಿದದ್ದು 45 ದಾಟಿದ ಮೇಲೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ, ಶರೀರದೊಡನೆಯೇ ಹುಟ್ಟಿಬರುವುದರಿಂದ ಅದಕ್ಕೆ ಆ ಹೆಸರೆಂದು ವಿವರಿಸುತ್ತಾನೆ. ಒಡನೆ ಹುಟ್ಟಿದ್ದು ಒಡನೆ ಸವೆಯುವುದೂ ಉಂಟೆ ಎಂದು ಅವನನ್ನು ಕೇಳಬೇಕಾದ ಪ್ರಸಂಗ ನನಗೊದಗಿತು.

ನಾನು ಕೊಪ್ಪಳದ ಕಾಲೇಜೊಂದರಲ್ಲಿ ಕನ್ನಡದ ಉಪನ್ಯಾಸಕ. ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕವಿರಾಜಮಾರ್ಗಕಾರನು ಎಣಿಸಿದ ನಾಲ್ಕು ಊರುಗಳಲ್ಲಿ ಈ ಕೊಪಣವೂ ಒಂದು. ಆ ಅಭಿಮಾನಕ್ಕೋ ಏನೋ, ಧ್ವನಿವರ್ಧಕದ ಹಂಗಿಲ್ಲದೆ ಕುಮಾರವ್ಯಾಸನನ್ನು ಓದಿ ಕೊನೆಯ ಬೆಂಚಿನವರನ್ನೂ ನೆಟ್ಟಗೆ ಕೂರಿಸುವುದು ನನ್ನ ಹೆಮ್ಮೆಯಾಗಿತ್ತು. ದೇಹವೂ ಆ ಧ್ವನಿಗೆ ತಕ್ಕದ್ದೇ: 128 ಕಿಲೋ! ಸಕ್ಕರೆ ಕಾಯಿಲೆಯೂ ಮೊಣಕಾಲಿನ ನೋವೂ ಜೊತೆಗೂಡಿದ ಮೇಲೆ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಗೆ ಒಪ್ಪಿದೆ. ಜಠರದ ಮುಕ್ಕಾಲು ಪಾಲಿನಷ್ಟನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಂಥ ಒಂದು ಕೊಳವೆಯನ್ನಷ್ಟೇ ಉಳಿಸುವ ಕ್ರಮವದು. ವರ್ಷದೊಳಗೆ 41 ಕಿಲೋ ಇಳಿಯಿತು. ಮೊಣಕಾಲುಗಳು ನನ್ನನ್ನು ಕ್ಷಮಿಸಿದವು.

ಯಲಬುರ್ಗಾ ತಾಲೂಕಿನ ನಮ್ಮ ಹಳ್ಳಿಗೆ ಒಂದು ಸಂಜೆ ಗೆಳೆಯನ ಫೋನಿನಿಂದ ಮಾತನಾಡಿದೆ. “ಅವ್ವಾ, ಊಟ ಆತೇನು?” ಎಂದೆ. ಅತ್ತ ಕೊಂಚ ಹೊತ್ತು ಮೌನ. ಬಳಿಕ, “ಯಾರ್ರೀ ಮಾತಾಡೋದು? ನಮ್ಮ ಹುಡುಗನ ಕೈಯಾಗ ಫೋನ್ ಕೊಡ್ರಿ” ಎಂದಳು. ನನ್ನನ್ನು ಬೈದು ಬೆಳೆಸಿದವಳ ಬಾಯಿಂದ ಆ ‘ರೀ’ ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ತರಗತಿಯಲ್ಲಿಯೂ ಅದೇ ಪಾಡು. ಧ್ವನಿ ತೆಳ್ಳಗಾಗಿತ್ತು, ಮೂರನೆಯ ಪಾಠದ ಹೊತ್ತಿಗೆ ಒಡೆಯುತ್ತಿತ್ತು. ಗಂಟಲಿನ ವೈದ್ಯರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ತಂಬೂರಿಯ ತಂತಿ ಅದೇ, ಬುರುಡೆ ಮಾತ್ರ ಬೇರೆಯಾಗಿತ್ತು. ಕತ್ತು ಗಂಟಲುಗಳ ಸುತ್ತಣ ಕೊಬ್ಬು ಕರಗಿದರೆ ನಾದ ಮೊಳಗುವ ಟೊಳ್ಳಿನ ಆಕಾರ ಬದಲಾಗುತ್ತದೆ. ತೂಕ ಬೇಗನೆ ಇಳಿಯುವಾಗ ಕೊಬ್ಬಿನೊಡನೆ ಸ್ನಾಯುವೂ ಸವೆಯುವುದರಿಂದ ಉಸಿರಿನ ಆಸರೆ ಸಡಿಲಾಗುತ್ತದೆ. ಕಿರಿದಾದ ಜಠರದಿಂದ ಹುಳಿ ಮೇಲೇರಿ ಇರುಳೆಲ್ಲ ಧ್ವನಿತಂತುಗಳನ್ನು ಸುಡುವುದೂ ಉಂಟು. ಅರಿವಳಿಕೆಯ ವೇಳೆ ಗಂಟಲಿಗಿಳಿಸುವ ನಳಿಗೆಯಿಂದ ಬರುವ ಕರಕರಿ ಸಾಮಾನ್ಯವಾಗಿ ಕೆಲವೇ ದಿನಗಳದ್ದು. ಎಲ್ಲರಿಗೂ ಹೀಗಾಗುವುದಿಲ್ಲ, ಉಸಿರು ಹಗುರಾಗಿ ಮಾತು ತಿಳಿಯಾದವರೂ ಇದ್ದಾರೆ.

ಪಾಶ್ಚಾತ್ಯರ ಒಪೆರಾದಲ್ಲಿ ಇದು ಹಳೆಯ ಚರ್ಚೆ. ಮರಿಯಾ ಕಲ್ಲಾಸ್ 1953–54ರ ಸುಮಾರಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಬಹಳ ತೂಕ ಇಳಿಸಿಕೊಂಡಳು; ಅವಳ ಕಂಠ ಕುಂದಿದ್ದು ಅದರಿಂದಲೇ ಎಂಬ ವಾದ ಇನ್ನೂ ಮುಗಿದಿಲ್ಲ. ಅಮೆರಿಕದ ಡೆಬೊರಾ ವಾಯ್ಟ್ 2004ರಲ್ಲಿ ನನ್ನಂತೆಯೇ ಜಠರದ ಚಿಕಿತ್ಸೆ ಮಾಡಿಸಿಕೊಂಡವಳು. ಮೊದಲು ದೇಹದ ಭಾರವೇ ಉಸಿರಿಗೆ ಒತ್ತು ಕೊಡುತ್ತಿತ್ತು, ಈಗ ಅದನ್ನು ನೆನಪಿಟ್ಟು ಮಾಡಬೇಕು ಎಂಬರ್ಥದ ಮಾತನ್ನು ಆಕೆ ಆಡಿದ್ದಾಳೆ. ಓದಿ ನನಗೆ ಅರ್ಧ ಸಮಾಧಾನವಾಯಿತು.

ಉಳಿದರ್ಧ ಹುಬ್ಬಳ್ಳಿಯಿಂದ ಬಂದಿತು. ಗಂಗೂಬಾಯಿ ಹಾನಗಲ್ಲರ ಮೊದಲ ಧ್ವನಿಮುದ್ರಿಕೆಗಳನ್ನು, 1930ರ ದಶಕದವನ್ನು, ಕೇಳಿದವರಿಗೆ ಅದು ಅವರದೇ ಕಂಠವೆಂದು ನಂಬುವುದು ಕಷ್ಟ. ಅಷ್ಟು ತೆಳುವು, ಅಷ್ಟು ಎತ್ತರ. ಗಂಟಲಿನ ಗ್ರಂಥಿಗಳ ಚಿಕಿತ್ಸೆಯ ಬಳಿಕ ಅದು ಗಂಡುದನಿಯಂತೆ ತಗ್ಗಿ ಅಗಲವಾಯಿತು. ಹಾಡುಗಾರ್ತಿಗೆ ಅದಕ್ಕಿಂತ ದೊಡ್ಡ ದಿಗಿಲು ಯಾವುದಿದ್ದೀತು? ಆದರೆ ಅವರು ಕಳೆದುಹೋದ ಕಂಠವನ್ನು ಹುಡುಕುತ್ತ ಕೂರಲಿಲ್ಲ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮುಂದೆ ಕುಳಿತು, ಒಂದೊಂದೇ ಪಲುಕನ್ನು ತಿದ್ದಿ ತಿದ್ದಿ, ಬಂದ ಕಂಠವನ್ನೇ ಪಳಗಿಸಿದರು. 2009ರಲ್ಲಿ, 96ರ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ನಾಡು ನೆನೆದದ್ದು ಆ ತಗ್ಗಿನ ದನಿಯನ್ನೇ.

ಅವರೆಲ್ಲಿ, ಭಾಮಿನಿ ಷಟ್ಪದಿ ಓದುವ ನಾನೆಲ್ಲಿ! ಆದರೂ ಬೆಳಗಿನ ಹೊತ್ತು ಉಸಿರನ್ನು ಎಣಿಸುತ್ತ ತಗ್ಗಿನ ದನಿಯಲ್ಲಿ ಓದುವುದನ್ನು ಹಿಡಿದಿದ್ದೇನೆ. ಕುಷ್ಟಗಿಯ ಸಭೆಯೊಂದರಲ್ಲಿ ಹುಟ್ಟಿದಂದಿನಿಂದ ಮೊದಲ ಬಾರಿಗೆ, ನಾಚಿಕೆ ನುಂಗಿ, ಮೈಕು ಬೇಡಿದೆ.

ಅವ್ವನಿಗೆ ಫೋನು ಮಾಡಿದಾಗ ಈಗ ಮೊದಲು ಹೆಸರು ಹೇಳುತ್ತೇನೆ. ಮೊನ್ನೆ ಅರ್ಧ ಹೆಸರಿಗೇ ತಡೆದಳು: “ಗೊತ್ತೈತಿ ಬಿಡು. ಒಂದ್ ರೊಟ್ಟಿಯಾದ್ರೂ ತಿಂದಿಯೇನು?”